ಸರ್ಕಾರಿ ಗುಡ್ಡದ ಮೇಲೆ ಜೀಪು ಹತ್ತಿಸಬಹುದೇ?

ಪ್ರಶ್ನೆ: ರಜೆ ಬಂದರೆ ಗೆಳೆಯರೆಲ್ಲ ಜೀಪು, ಬೈಕು ಹತ್ತಿ ಸಕಲೇಶಪುರ, ಮೂಡಿಗೆರೆ ಕಡೆ ಹೋಗುತ್ತೇವೆ. ಡಾಂಬರು ರಸ್ತೆ ಬಿಟ್ಟು ಗುಡ್ಡ ಹತ್ತಿಸಿದರೆ ಕೆಲವು ಕಡೆ ಯಾರೂ ಕೇಳುವುದಿಲ್ಲ, ಕೆಲವು ಕಡೆ ಅರಣ್ಯ ಸಿಬ್ಬಂದಿ ತಡೆಯುತ್ತಾರೆ. ಸರ್ಕಾರಿ ಜಾಗವೆಂದರೆ ಎಲ್ಲರದೂ ಅಲ್ಲವೇ?

ಉತ್ತರ: ಹಾಗೆಂದುಕೊಂಡೇ ಹೆಚ್ಚಿನವರು ಸಿಕ್ಕಿಬೀಳುವುದು. ಮೀಸಲು ಅರಣ್ಯ, ಅಭಯಾರಣ್ಯ, ಗೋಮಾಳ, ಖರಾಬು, ಕೆರೆಯಂಗಳ ಎಲ್ಲವನ್ನೂ ನಾವು ‘ಸರ್ಕಾರಿ ಜಾಗ’ ಎಂದೇ ಕರೆಯುತ್ತೇವೆ. ಕಾನೂನು ಮಾತ್ರ ಒಂದೊಂದಕ್ಕೂ ಬೇರೆ.

ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನ ಅಥವಾ ಅಭಯಾರಣ್ಯವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುತ್ತದೆ. ಅದರ 27ನೇ ಕಲಮಿನ ಪ್ರಕಾರ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗಲು ಅಡ್ಡಿಯಿಲ್ಲ. ಅಲ್ಲಿಂದ ಪಕ್ಕದ ಹುಲ್ಲುಗಾವಲಿಗೆ ಚಕ್ರ ಇಳಿಸಲು ಪರವಾನಗಿ ಬೇಕು. ಉಲ್ಲಂಘನೆಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಯಾರೂ ಕೇಳುವುದಿಲ್ಲ ಎಂದಿರಲ್ಲ, ಆ ಜಾಗ ಬಹುಶಃ ಗೋಮಾಳ. ಅದು ಊರಿನ ದನಗಳು ಮೇಯಲೆಂದು ಬಿಟ್ಟ ನೆಲ. 1964ರ ಭೂಕಂದಾಯ ಕಾಯ್ದೆಯ 71ನೇ ಕಲಮು, ಹೀಗೆ ಕಾದಿರಿಸಿದ ಜಾಗವನ್ನು ಜಿಲ್ಲಾಧಿಕಾರಿಯ ಮಂಜೂರಾತಿ ಇಲ್ಲದೆ ಬೇರೆ ಉದ್ದೇಶಕ್ಕೆ ಬಳಸಕೂಡದು ಎನ್ನುತ್ತದೆ. ಹತ್ತಾರು ಜೀಪುಗಳ ರ‍್ಯಾಲಿ ನಡೆಸುವವರು ಪಂಚಾಯಿತಿಯಲ್ಲಿ ಯಾರನ್ನೋ ಮಾತನಾಡಿಸಿ ಬಂದರೆ ಸಾಲದು. ಇನ್ನೊಂದು ತೊಡಕೂ ಇದೆ. ಕಾಡಿನ ಲಕ್ಷಣವಿರುವ ಜಾಗ, ದಾಖಲೆಯಲ್ಲಿ ಯಾರ ಹೆಸರಿನಲ್ಲಿದ್ದರೂ ಅರಣ್ಯವೇ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಹೇಳಿತು. ಡೀಮ್ಡ್ ಅರಣ್ಯ ಎಂಬ ಮಾತು ಮಲೆನಾಡಿನ ಮನೆಮನೆಗೆ ಬಂದದ್ದು ಅಲ್ಲಿಂದಲೇ. ಹಾಗಾಗಿ ಪಹಣಿಯಲ್ಲಿ ‘ಅರಣ್ಯ’ ಎಂದಿಲ್ಲ ಎಂಬ ವಾದ ಎಲ್ಲ ಕಡೆ ನಡೆಯುವುದಿಲ್ಲ.

ಹೊರಡುವ ಮೊದಲು ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗದ ಸರ್ವೆ ನಂಬರ್ ನೋಡಿ, ಭೂಮಿ ಜಾಲತಾಣದಲ್ಲಿ ಅದರ ಪಹಣಿ ತೆಗೆಯಿರಿ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಇದ್ದರೆ ಆ ದಾರಿಯನ್ನೇ ಹಿಡಿಯಿರಿ. ಅನುಮಾನವಿದ್ದರೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ, ಅನುಮತಿ ಕೊಟ್ಟರೆ ಬರಹದಲ್ಲೇ ಪಡೆಯಿರಿ. ಹೋಂಸ್ಟೇಯವರ ‘ಏನೂ ಆಗುವುದಿಲ್ಲ, ಹೋಗಿ ಸಾರ್’ ಎಂಬ ಭರವಸೆ ತನಿಖಾ ಠಾಣೆಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಗಾಡಿಯ ವಿಷಯಕ್ಕೆ ಬಂದರೆ, ಡಾಂಬರು ಬಿಟ್ಟ ಮಾತ್ರಕ್ಕೆ ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಜನರಿಗೆ ಓಡಾಡುವ ಹಕ್ಕಿರುವ ಯಾವ ಜಾಗವೂ ಅದರ ಲೆಕ್ಕದಲ್ಲಿ ಸಾರ್ವಜನಿಕ ಸ್ಥಳವೇ. ನೋಂದಣಿ, ವಿಮೆ ಅಲ್ಲೂ ಬೇಕು. ರೆಸಾರ್ಟಿನ ಬೇಲಿಯೊಳಗೆ ಓಡುವ, ನಂಬರ್ ಪ್ಲೇಟ್ ಇಲ್ಲದ ಎಟಿವಿಯನ್ನು (ದಪ್ಪ ಟೈರಿನ ನಾಲ್ಕು ಚಕ್ರದ ಬೈಕು) ಗೇಟು ದಾಟಿಸಿ ಗುಡ್ಡಕ್ಕೆ ಒಯ್ಯುವಂತಿಲ್ಲ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸಬಾರದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮಳೆಗಾಲದಲ್ಲಂತೂ ಅನುಮತಿಯಿದ್ದರೂ ಹುಲ್ಲುಗುಡ್ಡಕ್ಕೆ ಹತ್ತಿಸಬೇಡಿ ಎನ್ನುತ್ತೇನೆ. ನೆನೆದ ಇಳಿಜಾರಿನಲ್ಲಿ ಚಕ್ರ ಕೊರೆದ ಗೀರಿನಲ್ಲೇ ಮುಂದಿನ ಮಳೆಯ ನೀರು ಹರಿದು ಮಣ್ಣು ಕೊಚ್ಚುತ್ತದೆ. ಆ ಕೊರಕಲು ದಾಟಿ ಮೇಯಲು ಹೋಗಬೇಕಾದದ್ದು ಕೆಳಗಿನ ಊರಿನ ದನಗಳು.