ಕೈಲಿರೋದು ಹೋಗುತ್ತೆ ಅನ್ನೋ ಭಯ: ಅಮೆರಿಕದ ಆರೋಗ್ಯ ವಿಮೆ ಜಗಳಕ್ಕೆ ನೂರು ವರ್ಷ

1961ರಲ್ಲಿ ಅಮೆರಿಕದ ಊರೂರಿನ ಡಾಕ್ಟರುಗಳ ಹೆಂಡತಿಯರು ಅಕ್ಕಪಕ್ಕದ ಮನೆಯ ಹೆಂಗಸರನ್ನು ಕಾಫಿಗೆ ಕರೆಯುತ್ತಿದ್ದರು. ಹರಟೆ ಕಳೆಗಟ್ಟಿದ ಮೇಲೆ ಗ್ರಾಮಫೋನಿಗೆ ಒಂದು ರೆಕಾರ್ಡ್ ಹಾಕುತ್ತಿದ್ದರು. ಅದರಲ್ಲಿ ಹಾಡಿಲ್ಲ, ಬರೀ ಮಾತು. ಒಬ್ಬ ಸಿನಿಮಾ ನಟ ಸುಮಾರು ಹತ್ತು ನಿಮಿಷ ಮಾತಾಡುತ್ತಾನೆ. ವಯಸ್ಸಾದವರ ಆಸ್ಪತ್ರೆ ಖರ್ಚನ್ನು ಸರ್ಕಾರ ಹೊರುವ ಮಸೂದೆ ಬರುತ್ತಿದೆ, ಸಮಾಜವಾದ ಮನೆಯೊಳಗೆ ಕಾಲಿಡೋದೇ ಹೀಗೆ ಅನ್ನುತ್ತಾನೆ. ಈಗ ಸುಮ್ಮನಿದ್ದರೆ, ಅಮೆರಿಕದ ಜನ ಸ್ವತಂತ್ರವಾಗಿದ್ದ ಕಾಲ ಹೇಗಿತ್ತು ಅಂತ ಮುಪ್ಪಿನಲ್ಲಿ ಮೊಮ್ಮಕ್ಕಳಿಗೆ ಕಥೆ ಹೇಳುತ್ತಾ ಕೂರಬೇಕಾಗುತ್ತದೆ ಅಂತ ಹೆದರಿಸುತ್ತಾನೆ. ರೆಕಾರ್ಡ್ ಮುಗಿದರೆ ಕಾಗದ, ಪೆನ್ನು ಹೊರಬರುತ್ತಿದ್ದವು. ಬಂದವರು ತಮ್ಮ ಸಂಸದರಿಗೆ ಪತ್ರ ಬರೆಯಬೇಕು. ತಮ್ಮ ಸ್ವಂತ ಮಾತಿನಲ್ಲೇ ಬರೆಯಬೇಕು, ಯಾರೋ ಬರೆಸಿದಂತೆ ಕಾಣಬಾರದು.

ಈ ಕಾಫಿ ಪ್ರಚಾರದ ಹಿಂದಿದ್ದದ್ದು ವೈದ್ಯರ ಸಂಘ, ಅಂದರೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್. ಆ ನಟನ ಹೆಸರು ರೊನಾಲ್ಡ್ ರೇಗನ್.

ನಾಲ್ಕು ವರ್ಷ ಕಳೆಯಿತು. 1965ರಲ್ಲಿ ಮಸೂದೆ ಪಾಸಾಯಿತು. ಅದೇ ಮೆಡಿಕೇರ್, 65 ದಾಟಿದವರಿಗೆ ಸರ್ಕಾರಿ ವಿಮೆ. 1981ರಲ್ಲಿ ರೇಗನ್ ಅಧ್ಯಕ್ಷರಾದರು, ಎಂಟು ವರ್ಷ ಆ ಕುರ್ಚಿಯಲ್ಲಿದ್ದರು. ಮೆಡಿಕೇರ್ ಖರ್ಚಿಗೆ ಅಲ್ಲಲ್ಲಿ ಕತ್ತರಿ ಹಾಕಿದರು, ಮೆಡಿಕೇರನ್ನೇ ತೆಗೆದುಹಾಕುವ ಮಾತಿಗೆ ಹೋಗಲಿಲ್ಲ. ಅಷ್ಟು ಹೊತ್ತಿಗೆ ಅದು ಮುಟ್ಟಿದರೆ ಕೈ ಸುಡುವ ಕೆಂಡವಾಗಿತ್ತು.

ಅಮೆರಿಕದ ಈ ಜಗಳವನ್ನು ಸರ್ಕಾರ ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ನಡುವಿನ ಜಗಳ ಅಂತ ಹೇಳೋದು ರೂಢಿ. ಇತಿಹಾಸ ಓದುತ್ತಾ ಹೋದಂತೆ ನನಗೆ ಕಾಣೋದು ಬೇರೆ. ಕೈಲಿ ಏನೋ ಇದ್ದವರಿಗೆ ಅದು ಎಲ್ಲಿ ಹೋಗಿಬಿಡುತ್ತೋ ಅನ್ನುವ ಭಯ. ಆ ಭಯವನ್ನು ಯಾರು ತಮ್ಮ ಕಡೆಗೆ ತಿರುಗಿಸಿಕೊಂಡರೋ ಅವರೇ ಹೆಚ್ಚು ಸಲ ಗೆದ್ದಿದ್ದಾರೆ.

ಶುರುವಿನಲ್ಲಿ ಯಾರ ಕೈಲೂ ಅಂಥದ್ದೇನೂ ಇರಲಿಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕ್ 1883ರಲ್ಲೇ ಕಾರ್ಮಿಕರಿಗೆ ಕಾಯಿಲೆ ವಿಮೆ ತಂದಿದ್ದ. 1912ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಹೊಸ ಪಕ್ಷ ಕಟ್ಟಿ ಚುನಾವಣೆಗೆ ನಿಂತಾಗ ಅಂಥದ್ದೇ ವಿಮೆಯನ್ನು ಪ್ರಣಾಳಿಕೆಗೆ ಸೇರಿಸಿದರು. ಸೋತರು. ಆಮೇಲೆ ಕೆಲವು ಸುಧಾರಕರು ರಾಜ್ಯಗಳಿಗೆ ಅಂತ ಮಾದರಿ ಮಸೂದೆ ಬರೆದರು. ತಮಾಷೆ ಅಂದರೆ, ಮುಂದೆ ಕಡು ವಿರೋಧಿಯಾದ ವೈದ್ಯರ ಸಂಘದ ಮುಖಂಡರಿಗೇ ಆಗ ಅದರಲ್ಲಿ ಆಸಕ್ತಿಯಿತ್ತು. ಅಷ್ಟರಲ್ಲಿ ಮಹಾಯುದ್ಧ ಬಂತು, ಜರ್ಮನಿ ಶತ್ರುವಾಯಿತು. 1918ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರ ಮುಂದೆ ಈ ಪ್ರಶ್ನೆ ಬಂದಾಗ, ಇದು ಹುಟ್ಟಿದ್ದೇ ಜರ್ಮನಿಯಲ್ಲಿ, ನಮಗೆ ಬೇಕಾ ಅಂತ ಜಾಹೀರಾತು ಹಾಕಿದರು. ದೊಡ್ಡ ಅಂತರದಲ್ಲಿ ಬಿದ್ದುಹೋಯಿತು. ಮುಂದೆ ಜರ್ಮನಿಯ ಜಾಗಕ್ಕೆ ರಷ್ಯಾ ಬಂತು. ಶತ್ರು ಬದಲಾದ, ಜಾಹೀರಾತಿನ ಧಾಟಿ ಹೆಚ್ಚೇನೂ ಬದಲಾಗಲಿಲ್ಲ.

ಈಗಿನ ಅಮೆರಿಕದ ವ್ಯವಸ್ಥೆಯ ಬೇರು ಇರೋದು ಇನ್ನೊಂದು ಕಡೆ, ಟೆಕ್ಸಸ್‌ನ ಡಲ್ಲಾಸ್‌ನಲ್ಲಿ. 1929ರಲ್ಲಿ ಅಲ್ಲಿನ ಬೇಯ್ಲರ್ ಆಸ್ಪತ್ರೆಯ ಉಸ್ತುವಾರಿ ಜಸ್ಟಿನ್ ಕಿಂಬಲ್ ಅವರದು. ಆತ ಮೊದಲು ಅದೇ ಊರಿನ ಶಾಲೆಗಳ ಮುಖ್ಯ ಅಧಿಕಾರಿಯಾಗಿದ್ದವರು. ಬಾಕಿ ಬಿಲ್ಲುಗಳ ಕಟ್ಟು ತಿರುವಿ ಹಾಕುವಾಗ ಗುರುತಿನ ಹೆಸರುಗಳು ಸಿಕ್ಕವು, ಎಲ್ಲ ಶಾಲಾ ಶಿಕ್ಷಕರು. ಅವರಿಗೊಂದು ದಾರಿ ಹೇಳಿದರು: ತಿಂಗಳಿಗೆ 50 ಸೆಂಟ್ ಕಟ್ಟಿ, ಕಾಯಿಲೆ ಬಿದ್ದರೆ ವರ್ಷಕ್ಕೆ 21 ದಿನ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತೇವೆ. ಶಿಕ್ಷಕರಿಗೂ ಅನುಕೂಲ, ಆಸ್ಪತ್ರೆಗೂ ತಿಂಗಳಾದರೆ ದುಡ್ಡು. ಆಮೇಲೆ ಬಂದ ಮಹಾ ಆರ್ಥಿಕ ಕುಸಿತದಲ್ಲಿ ಹಾಸಿಗೆಗಳು ಖಾಲಿ ಹೊಡೆಯತೊಡಗಿದಾಗ ಬೇರೆ ಆಸ್ಪತ್ರೆಗಳೂ ಇದನ್ನೇ ಹಿಡಿದವು. ಬ್ಲೂ ಕ್ರಾಸ್ ಅನ್ನುವ ವಿಮೆ ಜಾಲ ಬೆಳೆದದ್ದು ಹೀಗೆ.

ನಂತರ ಎರಡನೇ ಮಹಾಯುದ್ಧ. ಬೆಲೆ ಏರಬಾರದು ಅಂತ ಸರ್ಕಾರ 1942ರಲ್ಲಿ ಸಂಬಳ ಏರಿಕೆಗೆ ಕಡಿವಾಣ ಹಾಕಿತು. ಕಾರ್ಖಾನೆಗಳಿಗೆ ಆಳು ಬೇಕು, ಸಂಬಳ ಜಾಸ್ತಿ ಕೊಡುವಂತಿಲ್ಲ. ಆದರೆ ವಿಮೆಯಂಥ ಸೌಲಭ್ಯ ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಸರಿ, ಬನ್ನಿ ನಮ್ಮಲ್ಲಿ ಕೆಲಸಕ್ಕೆ, ಆರೋಗ್ಯ ವಿಮೆ ಕೊಡ್ತೀವಿ ಅಂತ ಮಾಲೀಕರು ಕರೆಯತೊಡಗಿದರು. ಹೀಗೆ ಮಾಲೀಕ ಕಟ್ಟುವ ಪ್ರೀಮಿಯಂಗೆ ನೌಕರ ತೆರಿಗೆ ಕೊಡಬೇಕಿಲ್ಲ ಅಂತ 1954ರ ತೆರಿಗೆ ಕಾನೂನು ಸ್ಪಷ್ಟವಾಗಿ ಬರೆಯಿತು. 100 ಡಾಲರ್ ಸಂಬಳವಾಗಿ ಬಂದರೆ ತೆರಿಗೆ ಹೋಗಿ ಉಳಿದದ್ದು ಕೈಗೆ. ಅದೇ 100 ಡಾಲರ್ ವಿಮೆಯಾಗಿ ಬಂದರೆ ಪೂರ್ತಿ ನಮ್ಮದು. ಯಾರು ಬೇಡ ಅಂತಾರೆ?

ಯಾರೂ ಕೂತು ಯೋಚಿಸಿ ಕಟ್ಟಿದ ವ್ಯವಸ್ಥೆ ಅಲ್ಲ ಇದು. ಯುದ್ಧಕಾಲದ ಒಂದು ಸಂದಿಯಲ್ಲಿ ಮೊಳೆತ ಗಿಡ, ತೆರಿಗೆಯ ನೀರು ಕುಡಿದು ಮರವಾಯಿತು. ವಿಮೆ ಕೆಲಸದ ಬಾಲಕ್ಕೆ ಗಂಟುಬಿತ್ತು. ಕೆಲಸ ಹೋದರೆ ವಿಮೆಯೂ ಹೋಯಿತು. ನಿವೃತ್ತರು, ಬಡವರು, ಸಣ್ಣ ಅಂಗಡಿಯವರು, ಕೂಲಿಯವರು ಹೊರಗೇ ಉಳಿದರು. ಆದರೆ ಒಳಗೆ ಸೇರಿದವರು ಜಾಸ್ತಿ ಇದ್ದರು, ಮತ್ತು ಅವರ ಕೈಲಿ ಈಗ ಕಳೆದುಕೊಳ್ಳುವಂಥದ್ದು ಒಂದಿತ್ತು. ಆಮೇಲೆ ಬಂದ ಎಷ್ಟೋ ಸುಧಾರಣೆಗಳು ಎಡವಿದ್ದು ಇಲ್ಲೇ.

ಮೊದಲು ಎಡವಿದವರು ಅಧ್ಯಕ್ಷ ಹ್ಯಾರಿ ಟ್ರೂಮನ್. ಎಲ್ಲರಿಗೂ ರಾಷ್ಟ್ರೀಯ ಆರೋಗ್ಯ ವಿಮೆ ಬೇಕು ಅಂತ 1945ರ ನವೆಂಬರಿನಲ್ಲಿ ಸಂಸತ್ತಿಗೆ ಬರೆದರು. 1948ರಲ್ಲಿ ಗೆದ್ದ ಮೇಲೆ ಮತ್ತೆ ಪಟ್ಟು ಹಿಡಿದರು. ವೈದ್ಯರ ಸಂಘ ಒಬ್ಬೊಬ್ಬ ಸದಸ್ಯನಿಂದ 25 ಡಾಲರ್ ಎತ್ತಿ, ಕ್ಯಾಲಿಫೋರ್ನಿಯಾದ ವಿಟೇಕರ್ ಮತ್ತು ಬ್ಯಾಕ್ಸ್‌ಟರ್ ಅನ್ನುವ ದಂಪತಿಯ ಪ್ರಚಾರ ಸಂಸ್ಥೆಯನ್ನು ಹಿಡಿಯಿತು. ಈ ಇಬ್ಬರೂ ಪಳಗಿದ ಕೈ. ಬ್ರಿಟನ್ನಿನ ಕಲಾವಿದ ಲೂಕ್ ಫಿಲ್ಡ್ಸ್ ಬಿಡಿಸಿದ ಒಂದು ಹಳೆಯ ಚಿತ್ರವನ್ನು ಎತ್ತಿಕೊಂಡರು. ಬಡವರ ಮನೆ, ಎರಡು ಕುರ್ಚಿ ಜೋಡಿಸಿ ಮಲಗಿಸಿದ ಕಾಯಿಲೆಯ ಮಗು, ಪಕ್ಕದಲ್ಲಿ ಗಡ್ಡಕ್ಕೆ ಕೈಕೊಟ್ಟು ಅದನ್ನೇ ನೋಡುತ್ತಾ ಕೂತ ಡಾಕ್ಟರು, ಹಿಂದೆ ಕತ್ತಲಲ್ಲಿ ಅಪ್ಪ ಅಮ್ಮ. ಅದರ ಜೊತೆಗೆ ಒಂದು ಸಾಲು: ಈ ಚಿತ್ರದೊಳಗೆ ರಾಜಕೀಯ ತರಬೇಡಿ. ದೇಶದ ಉದ್ದಗಲಕ್ಕೂ ಡಾಕ್ಟರುಗಳ ಕೋಣೆಯ ಗೋಡೆ ಮೇಲೆ ಈ ಪೋಸ್ಟರ್ ಬಂತು. ರೋಗಿ ತನ್ನ ಸರದಿಗೆ ಕಾಯುತ್ತಾ ನೋಡೋದೇ ಅದನ್ನ. ನಿಮಗೂ ನಿಮ್ಮ ಡಾಕ್ಟರಿಗೂ ನಡುವೆ ಸರ್ಕಾರಿ ಗುಮಾಸ್ತ ಬಂದು ಕೂರುತ್ತಾನೆ ಅನ್ನೋದು ಸಂದೇಶ. ಟ್ರೂಮನ್ ಯೋಜನೆಯಲ್ಲಿ ಡಾಕ್ಟರುಗಳು ಸರ್ಕಾರಿ ನೌಕರರಾಗುವ ಮಾತೇ ಇರಲಿಲ್ಲ. ಆದರೂ ಸಮಾಜವಾದಿ ವೈದ್ಯಕೀಯ ಅನ್ನುವ ಹಣೆಪಟ್ಟಿ ಅಂಟಿಕೊಂಡಿತು. ಆ ಮಸೂದೆ ಮುಂದೆ ಹೋಗಲೇ ಇಲ್ಲ.

ಸೋಲಿನಿಂದ ಕಲಿತ ಸುಧಾರಕರು ಗುರಿ ಚಿಕ್ಕದು ಮಾಡಿಕೊಂಡರು. ಎಲ್ಲರಿಗೂ ಬೇಡ, ಮುದುಕರಿಗೆ ಮಾತ್ರ ಅಂದರು. ಜಾಣ ಆಯ್ಕೆ ಅದು. ಮುದುಕರನ್ನು ವಿಮೆ ಕಂಪನಿಗಳೂ ಸುಲಭಕ್ಕೆ ಹತ್ತಿರ ಸೇರಿಸುತ್ತಿರಲಿಲ್ಲ, ಹಾಗಾಗಿ ಅವರಲ್ಲಿ ಬಹಳ ಜನರ ಕೈಲಿ ಹೋಗುವಂಥದ್ದು ಹೆಚ್ಚೇನೂ ಇರಲಿಲ್ಲ. ಕಾಫಿ, ಗ್ರಾಮಫೋನು ಏನು ಮಾಡಿದರೂ 1964ರ ಚುನಾವಣೆಯಲ್ಲಿ ಲಿಂಡನ್ ಜಾನ್ಸನ್ ಭಾರಿ ಬಹುಮತದಿಂದ ಬಂದರು. ಅರ್ಕಾನ್ಸಾದ ವಿಲ್ಬರ್ ಮಿಲ್ಸ್ ಅನ್ನುವ ಚತುರ ಸಂಸದ ಪರ ವಿರೋಧದವರ ಮೂರು ಯೋಜನೆಗಳನ್ನು ಒಂದರ ಮೇಲೊಂದು ಪೇರಿಸಿ ಒಂದೇ ಕಾನೂನು ಮಾಡಿದರು: ವೃದ್ಧರ ಆಸ್ಪತ್ರೆ ಖರ್ಚು, ವೃದ್ಧರ ಡಾಕ್ಟರ್ ಫೀಸು, ಬಡವರಿಗೆ ಮೆಡಿಕೇಡ್ ಅನ್ನುವ ಸರ್ಕಾರಿ ವಿಮೆ. 1965ರ ಜುಲೈ 30ರಂದು ಜಾನ್ಸನ್ ಸಹಿ ಹಾಕಲು ಮಿಸೌರಿಯ ಇಂಡಿಪೆಂಡೆನ್ಸ್ ಊರಿಗೆ, 81 ವರ್ಷದ ಟ್ರೂಮನ್ ಇದ್ದಲ್ಲಿಗೇ ಹೋದರು. ಮೊದಲ ಕಾರ್ಡು ಟ್ರೂಮನ್ ಅವರಿಗೆ, ಎರಡನೆಯದು ಅವರ ಹೆಂಡತಿ ಬೆಸ್ ಅವರಿಗೆ.

ಮೆಡಿಕೇರ್ ಮಾಡಿದ ಇನ್ನೊಂದು ಕೆಲಸದ ಬಗ್ಗೆ ಮಾತಾಡುವವರು ಕಡಿಮೆ. ಆಗ ದಕ್ಷಿಣದ ರಾಜ್ಯಗಳ ಎಷ್ಟೋ ಆಸ್ಪತ್ರೆಗಳಲ್ಲಿ ಕಪ್ಪು ಜನರಿಗೆ ಬೇರೆ ವಾರ್ಡು, ಬೇರೆ ಬಾಗಿಲು. ಕೆಲವು ಕಡೆ ಒಳಗೇ ಬಿಡುತ್ತಿರಲಿಲ್ಲ. ಕೇಂದ್ರದ ಹಣ ಪಡೆಯುವ ಕಡೆ ಜನಾಂಗ ಭೇದ ಮಾಡುವಂತಿಲ್ಲ ಅಂತ 1964ರ ನಾಗರಿಕ ಹಕ್ಕು ಕಾನೂನು ಹೇಳಿತ್ತು. ಮೆಡಿಕೇರ್ ದುಡ್ಡು ಬೇಕಾದರೆ ಆ ಬಾಗಿಲು ಕಿತ್ತುಹಾಕಿ ಅಂತ ಸರ್ಕಾರ ತನಿಖೆಗೆ ಜನ ಕಳಿಸಿತು. 1966ರ ಜುಲೈ 1ಕ್ಕೆ ಯೋಜನೆ ಶುರುವಾಗುವ ಹೊತ್ತಿಗೆ ಹೆಚ್ಚಿನ ಆಸ್ಪತ್ರೆಗಳು ಒಪ್ಪಿಕೊಂಡಿದ್ದವು. ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಡಿದ್ದು ಕೆಲವೇ ತಿಂಗಳಲ್ಲಿ ಆಯಿತು.

1970ರ ದಶಕದಲ್ಲಿ ಒಂದು ಅವಕಾಶ ಕೈತಪ್ಪಿತು. ಎಲ್ಲ ಮಾಲೀಕರೂ ನೌಕರರಿಗೆ ವಿಮೆ ಕೊಡಲೇಬೇಕು ಅಂತ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ನಿಕ್ಸನ್ ಮುಂದೆ ಬಂದರು. ಇದಕ್ಕಿಂತ ಒಳ್ಳೆಯದು ಸಿಗುತ್ತೆ ಅಂತ ಕಾರ್ಮಿಕ ಸಂಘಗಳು ಕಾದವು, ಡೆಮಾಕ್ರಟಿಕ್ ಪಕ್ಷದ ಸಂಸದ ಟೆಡ್ ಕೆನಡಿಯೂ ಒಪ್ಪಲಿಲ್ಲ. ವಾಟರ್‌ಗೇಟ್ ಹಗರಣದಲ್ಲಿ ನಿಕ್ಸನ್ ಹೋದರು, ಯೋಜನೆಯೂ ಹೋಯಿತು. ಕೆನಡಿ ಆಮೇಲೆ ಪಶ್ಚಾತ್ತಾಪ ಪಟ್ಟರು.

ಭಯ ಕೆಲಸ ಮಾಡುವ ರೀತಿ ನೋಡಬೇಕಾದರೆ 1989ರ ಆಗಸ್ಟಿನ ಷಿಕಾಗೋಗೆ ಬನ್ನಿ. ಮೆಡಿಕೇರ್ ಅಡಿಯಲ್ಲಿ ಇನ್ನಷ್ಟು ಖರ್ಚು ಭರಿಸುವ ಕಾನೂನು ಹಿಂದಿನ ವರ್ಷ ಬಂದಿತ್ತು. ಸಹಿ ಹಾಕಿದ್ದು ಅದೇ ರೇಗನ್. ಆದರೆ ಖರ್ಚು ತುಂಬಲು ಅನುಕೂಲಸ್ಥ ವೃದ್ಧರ ಮೇಲೇ ತೆರಿಗೆ. ಅದರಲ್ಲಿ ಎಷ್ಟೋ ಜನರಿಗೆ ಆ ಸೌಲಭ್ಯ ಬೇರೆ ಕಡೆಯಿಂದ ಆಗಲೇ ಇತ್ತು. ಪ್ರಭಾವಿ ಸಂಸದ ಡ್ಯಾನ್ ರಾಸ್ಟೆನ್‌ಕೌಸ್ಕಿ ಸಭೆ ಮುಗಿಸಿ ಹೊರಡುವಾಗ ವೃದ್ಧರು ಕಾರಿಗೆ ಮುತ್ತಿಗೆ ಹಾಕಿದರು. ಒಬ್ಬ ಅಜ್ಜಿ ಬಾನೆಟ್ ಮೇಲೇ ಬಿದ್ದರು. ಸಂಸದರು ಕಾರು ಬಿಟ್ಟಿಳಿದು ದಾಪುಗಾಲು ಹಾಕಿದರು. ಈ ದೃಶ್ಯ ಟಿವಿಯಲ್ಲಿ ಬಂತು. ಆ ವರ್ಷವೇ ಕಾನೂನು ರದ್ದಾಯಿತು.

ಅದು ಸಾಲದು ಅಂತ 1993ರಲ್ಲಿ ಕ್ಲಿಂಟನ್ ಬಂದರು. 1,342 ಪುಟದ ಮಸೂದೆ. ಹೆಂಡತಿ ಹಿಲರಿ ಅವರ ನೇತೃತ್ವದಲ್ಲಿ ನೂರಾರು ತಜ್ಞರು ಬಾಗಿಲು ಹಾಕಿಕೊಂಡು ತಯಾರಿಸಿದ್ದು. ಇದರ ವಿರುದ್ಧ ವಿಮೆ ಕಂಪನಿಗಳ ಸಂಘ ಟಿವಿ ಜಾಹೀರಾತು ಬಿಟ್ಟಿತು. ಹ್ಯಾರಿ, ಲೂಯಿಸ್ ಅನ್ನುವ ಗಂಡ ಹೆಂಡತಿ ಅಡುಗೆಮನೆ ಮೇಜಿನ ಮುಂದೆ ಬಿಲ್ಲು ನೋಡುತ್ತಾ ಕೂತಿದ್ದಾರೆ. ಈಗಿರುವ ವಿಮೆ ಹೋದರೆ ಹೇಗೆ, ಸರ್ಕಾರ ಕೊಟ್ಟದ್ದು ಇಷ್ಟವಾಗದಿದ್ದರೆ ಏನು ಗತಿ ಅನ್ನುವ ಚಿಂತೆ ಅವರದು. ಒಂದೇ ವರ್ಷದಲ್ಲಿ ಮಸೂದೆ ಸತ್ತಿತು.

ಆದ್ದರಿಂದಲೇ ಒಬಾಮಾ ಮೊದಲ ದಿನದಿಂದ ಒಂದೇ ಮಂತ್ರ ಜಪಿಸಿದರು: ನಿಮ್ಮ ವಿಮೆ ನಿಮಗೆ ಇಷ್ಟವಿದ್ದರೆ ಅದನ್ನೇ ಇಟ್ಟುಕೊಳ್ಳಿ. ಅವರ ಯೋಜನೆಗೆ ಮೂರು ಕಾಲು. ಮೊದಲೇ ಕಾಯಿಲೆ ಇದೆ ಅಂತ ಕಂಪನಿ ಯಾರಿಗೂ ವಿಮೆ ನಿರಾಕರಿಸುವಂತಿಲ್ಲ. ಹಾಗಂದ ಮೇಲೆ ಜನ ಕಾಯಿಲೆ ಬಿದ್ದ ಮೇಲೇ ವಿಮೆ ಕೊಳ್ಳುತ್ತಾರೆ ಅಲ್ವಾ? ಅದಕ್ಕೆ ಎಲ್ಲರೂ ಕೊಳ್ಳಲೇಬೇಕು, ಇಲ್ಲದಿದ್ದರೆ ದಂಡ. ಕೈಲಾಗದವರಿಗೆ ಸಬ್ಸಿಡಿ. ಎಲ್ಲರೂ ಕೊಳ್ಳಬೇಕು ಅನ್ನುವ ವಿಚಾರವನ್ನು 1989ರಲ್ಲಿ ಮುಂದಿಟ್ಟಿದ್ದು ಬಲಪಂಥೀಯ ಹೆರಿಟೇಜ್ ಫೌಂಡೇಷನ್. 2006ರಲ್ಲಿ ಮಸಾಚುಸೆಟ್ಸ್‌ನಲ್ಲಿ ಜಾರಿಗೆ ತಂದದ್ದು ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ. ಆದರೂ ಒಬಾಮಾ ಮಸೂದೆಗೆ ಕೊನೆಗೆ ಒಬ್ಬ ರಿಪಬ್ಲಿಕನ್ನೂ ಮತ ಹಾಕಲಿಲ್ಲ.

ಇದರೊಳಗೆ ನಿಜವಾಗಿ ಸರ್ಕಾರಿ ಅನ್ನಬಹುದಾದ ಹೊಸ ತುಣುಕು ಒಂದಿತ್ತು, ಪಬ್ಲಿಕ್ ಆಪ್ಷನ್. ಖಾಸಗಿ ಕಂಪನಿಗಳ ಜೊತೆ ಸರ್ಕಾರವೂ ಒಂದು ವಿಮೆ ಮಾರಲಿ, ಬೇಕಾದವರು ಕೊಳ್ಳಲಿ. ಅಷ್ಟೇ. ಕೆಳಮನೆ ಇದನ್ನು 2009ರ ನವೆಂಬರಿನಲ್ಲಿ 220–215 ಮತಗಳಿಂದ ಒಪ್ಪಿತು. ಮೇಲ್ಮನೆ ಸೆನೆಟ್‌ನಲ್ಲಿ ವಿರೋಧಿಗಳು ಒಡ್ಡುವ ಅಡ್ಡಿ ದಾಟಲು 60 ಮತ ಬೇಕು, ಡೆಮಾಕ್ರಟಿಕ್ ಬಣದಲ್ಲಿದ್ದದ್ದು ಸರಿಯಾಗಿ 60. ವಿಮೆ ಕಂಪನಿಗಳ ತವರಾದ ಕನೆಕ್ಟಿಕಟ್‌ನ ಜೋ ಲೀಬರ್‌ಮನ್ ಒಪ್ಪೋದಿಲ್ಲ ಅಂದರು. ಅಲ್ಲಿಗೆ ಅದರ ಕಥೆ ಮುಗಿಯಿತು. ಉಳಿದದ್ದಕ್ಕೆ 2010ರ ಮಾರ್ಚ್ 23ರಂದು ಸಹಿ ಬಿತ್ತು.

ಆ ಗದ್ದಲದ ನಡುವೆಯೇ ದಕ್ಷಿಣ ಕೆರೊಲೈನಾದ ಸಭೆಯೊಂದರಲ್ಲಿ ಒಬ್ಬರು ಎದ್ದು ನಿಂತು ತಮ್ಮ ಸಂಸದರಿಗೆ, ಸರ್ಕಾರದ ಕೈ ನನ್ನ ಮೆಡಿಕೇರ್ ಮೇಲೆ ಬೀಳಬಾರದು ಅಂದರು. ಪತ್ರಿಕೆಗಳು ಇದನ್ನು ಜೋಕ್ ಮಾಡಿದವು. ನನಗೆ ನಗು ಬರೋದಿಲ್ಲ. ಆ ಮನುಷ್ಯನ ಲೆಕ್ಕದಲ್ಲಿ ಮೆಡಿಕೇರ್ ಸರ್ಕಾರದ್ದಲ್ಲ, ದುಡಿದು ಗಳಿಸಿದ ಸ್ವಂತ ಆಸ್ತಿ. ಜೀವನಪೂರ್ತಿ ಸಂಬಳದಲ್ಲಿ ಅದಕ್ಕಂತಲೇ ತೆರಿಗೆ ಕಟ್ಟಿದವರಿಗೆ ಹಾಗನ್ನಿಸಿದರೆ ತಪ್ಪೇನು?

ಒಬಾಮಾ ಮಂತ್ರ ಉಲ್ಟಾ ಹೊಡೆಯಿತು. ಹೊಸ ನಿಯಮಕ್ಕೆ ಹೊಂದದ ಹಳೆಯ ವಿಮೆಗಳು 2013ರಲ್ಲಿ ರದ್ದಾದವು, ಲಕ್ಷಾಂತರ ಮನೆಗೆ ನೋಟಿಸ್ ಹೋಯಿತು. ಅದೇ ಅಕ್ಟೋಬರಿನಲ್ಲಿ ತೆರೆದ ಸರ್ಕಾರಿ ವೆಬ್‌ಸೈಟ್ ಕೂತುಬಿಟ್ಟಿತು. ಮೊದಲ ದಿನ ದೇಶಕ್ಕೆಲ್ಲ ಸೇರಿ ನೋಂದಣಿ ಪೂರ್ತಿ ಮಾಡಿದ್ದು ಆರು ಜನ! ಅದಕ್ಕೂ ಮೊದಲು 2012ರಲ್ಲಿ ಸುಪ್ರೀಂ ಕೋರ್ಟ್ ದಂಡವನ್ನು ತೆರಿಗೆ ಅಂತ ಎತ್ತಿಹಿಡಿದು ಕಾನೂನನ್ನು ಉಳಿಸಿತ್ತು, ಆದರೆ ಮೆಡಿಕೇಡ್ ವಿಸ್ತರಣೆಯನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟಿತ್ತು. ಟೆಕ್ಸಸ್, ಫ್ಲಾರಿಡಾ ಇವತ್ತಿಗೂ ಒಪ್ಪಿಲ್ಲ. ಇಷ್ಟೆಲ್ಲ ಆದರೂ ವಿಮೆ ಇಲ್ಲದವರು 2010ರ ಸುಮಾರು 4.8 ಕೋಟಿಯಿಂದ 2016ಕ್ಕೆ 2.8 ಕೋಟಿಗೆ ಇಳಿದರು.

ಅಂದರೆ 2 ಕೋಟಿ ಜನರ ಕೈಗೆ ಹೊಸದಾಗಿ ಏನೋ ಬಂತು. 2017ರಲ್ಲಿ ಟ್ರಂಪ್ ಸರ್ಕಾರ ಕಾನೂನನ್ನು ಕಿತ್ತುಹಾಕಲು ಹೊರಟಾಗ ಸಂಸದರ ಸಭೆಗಳಲ್ಲಿ ಕೂಗಾಡಿದವರು ಈ ಸಲ ಇವರು. ಜುಲೈ 28ರ ನಡುರಾತ್ರಿ ಕಳೆದ ಮೇಲೆ, ಮೆದುಳಿನ ಕ್ಯಾನ್ಸರ್ ಪತ್ತೆಯಾಗಿ ಕೆಲವೇ ದಿನವಾಗಿದ್ದ ರಿಪಬ್ಲಿಕನ್ ಸಂಸದ ಜಾನ್ ಮೆಕೇನ್ ಸೆನೆಟ್ ನಡುವೆ ನಿಂತು, ಕೈ ಚಾಚಿ, ಹೆಬ್ಬೆರಳು ಕೆಳಗೆ ಮಾಡಿದರು. 49–51. ಸ್ವಂತ ಪಕ್ಷದ ಮಸೂದೆಯನ್ನೇ ಅವರು ಬೀಳಿಸಿದ್ದರು.

2025ರ ಅಕ್ಟೋಬರ್ 1ರಿಂದ ಅಮೆರಿಕದ ಕೇಂದ್ರ ಸರ್ಕಾರದ ಎಷ್ಟೋ ಕಚೇರಿಗಳು 43 ದಿನ ಬಾಗಿಲು ಹಾಕಿದ್ದೂ ಇದೇ ಜಗಳಕ್ಕೆ. ಕೋವಿಡ್ ಕಾಲದಲ್ಲಿ ಹೆಚ್ಚಿಸಿದ್ದ ವಿಮೆ ಸಬ್ಸಿಡಿ ವರ್ಷದ ಕೊನೆಗೆ ಮುಗಿಯುವುದರಲ್ಲಿತ್ತು. ಅದನ್ನು ಮುಂದುವರಿಸಿದರೇ ಸರ್ಕಾರದ ಖರ್ಚಿನ ಮಸೂದೆಗೆ ಮತ ಅಂತ ಡೆಮಾಕ್ರಟರು ಪಟ್ಟು ಹಿಡಿದರು. ಪ್ರೀಮಿಯಂ ಏರುತ್ತೆ, ಇರುವ ವಿಮೆ ಬಿಡಬೇಕಾಗುತ್ತೆ ಅಂತ ಬಿಲ್ಲು ಹಿಡಿದ ಗಂಡ ಹೆಂಡತಿಯರ ಕಥೆ ಹೇಳಿದರು. 1993ರಲ್ಲಿ ಹ್ಯಾರಿ, ಲೂಯಿಸ್ ಆಡಿದ್ದ ಮಾತು ಈಗ ಆ ಕಡೆಯವರ ಬಾಯಲ್ಲಿತ್ತು.