ಹಿಂದಿನ ಸಾಲಿನಿಂದ ಬಯಲಾಟ: ಕಡಿಮೆ ದುಡ್ಡಿಗೆ ಯಾವ ಕ್ಯಾಮೆರಾ?

ಪ್ರಶ್ನೆ: ನನ್ನ ತಮ್ಮ ಯಕ್ಷಗಾನ ಮೇಳದಲ್ಲಿ ವೇಷ ಮಾಡುತ್ತಾನೆ. ಅವನ ಆಟ ಇದ್ದಾಗ ಹಿಂದೆ ಕೂತು ವಿಡಿಯೊ ಮಾಡುತ್ತೇನೆ. ಫೋನಿನಲ್ಲಿ ಜೂಮ್ ಮಾಡಿದರೆ ಬಣ್ಣವೆಲ್ಲ ಕಲಸಿಹೋಗಿ ಮುಖವೇ ಗೊತ್ತಾಗುವುದಿಲ್ಲ. ಜಾಸ್ತಿ ದುಡ್ಡು ಹಾಕಲು ಆಗದು. ಜೂಮ್ ಚೆನ್ನಾಗಿರುವ ಕ್ಯಾಮೆರಾ ಯಾವುದು ಹೇಳ್ತೀರಾ?

ಉತ್ತರ: ಅಂಗಡಿಗೆ ಹೋಗುವ ಮೊದಲು ನಿಮಗೆ ಎಷ್ಟು ಜೂಮ್ ಬೇಕು ಅಂತ ಲೆಕ್ಕ ಹಾಕಿಕೊಳ್ಳಿ. ಎಷ್ಟು ‘ಎಕ್ಸ್’ ಎಂದು ನೋಡಬೇಡಿ, ಎಷ್ಟು ಮಿಲಿಮೀಟರ್ (ಎಂಎಂ) ಎಂದು ನೋಡಿ; ಅದು ಜಾಸ್ತಿಯಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಎಕ್ಸ್ ಎಂಬುದು ಲೆನ್ಸಿನ ಎರಡು ತುದಿಗಳ ನಡುವಿನ ಪಟ್ಟು ಅಷ್ಟೇ. ಕ್ಯಾಮೆರಾದ ವಿವರಗಳಲ್ಲಿ ‘35 ಎಂಎಂಗೆ ಸಮಾನ’ ಎಂಬ ಸಾಲು ಇರುತ್ತದೆ. ಅದರ ದೊಡ್ಡ ಅಂಕಿ ನಮಗೆ ಬೇಕಾದದ್ದು. ಫೋಟೊಗೆ ಒಂದು, ವಿಡಿಯೊಗೆ ಒಂದು ಅಂಕಿ ಕೊಟ್ಟಿದ್ದರೆ ವಿಡಿಯೊದ್ದನ್ನೇ ಹಿಡಿಯಿರಿ.

ರಂಗಸ್ಥಳ ನಿಮ್ಮಿಂದ 60 ಅಡಿ ದೂರ ಇದೆ ಅಂದುಕೊಳ್ಳೋಣ. ದೂರವನ್ನು 36ರಿಂದ ಗುಣಿಸಿ, ಮಿಲಿಮೀಟರಿನಿಂದ ಭಾಗಿಸಿ. ಚೌಕಟ್ಟಿನೊಳಗೆ ಎಷ್ಟು ಅಗಲ ಹಿಡಿಯುತ್ತದೆ ಎಂಬುದು ಸಿಗುತ್ತದೆ. 150 ಎಂಎಂಗೆ 14 ಅಡಿಗಿಂತ ಸ್ವಲ್ಪ ಜಾಸ್ತಿ, ಎತ್ತರ 8 ಅಡಿ. ಅಂದರೆ ಕಿರೀಟದಿಂದ ಗೆಜ್ಜೆವರೆಗೆ ಇಡೀ ವೇಷ ಬಂತು. 600 ಎಂಎಂಗೆ ಮೂರೂವರೆ ಅಡಿ ಅಗಲ, 2 ಅಡಿ ಎತ್ತರ. ಮುಖದ ಬಣ್ಣಗಾರಿಕೆ ಚೌಕಟ್ಟು ತುಂಬಿಕೊಳ್ಳುತ್ತದೆ. ಅದಕ್ಕಿಂತ ಹತ್ತಿರ ಹೋಗಿ ಏನು ಮಾಡ್ತೀರಿ? ಕಲಾವಿದರು ಒಂದು ದಿಗಿಣ (ಹಾರಿ ಸುತ್ತುವ ಕುಣಿತ) ಹಾಕಿದರೆ ಚೌಕಟ್ಟಿನಿಂದಲೇ ಹೊರಗೆ ಹೋಗಿಬಿಡುತ್ತಾರೆ.

ಹಾಗಾಗಿ ನಿಕಾನ್ ಪಿ900 ಥರದ, 83 ಎಕ್ಸ್ ಅಂದರೆ 2000 ಎಂಎಂವರೆಗೆ ಹೋಗುವ ಕ್ಯಾಮೆರಾಗಳ ಆಸೆ ಬಿಡಿ. ಚಂದ್ರನ ಕುಳಿ ನೋಡಲು ಅವು ಸೊಗಸು. ಆಟಕ್ಕೆ ಅಷ್ಟು ಬೇಡ.

ನಿಜವಾಗಿ ಬೇಕಾದದ್ದು ಬೆಳಕು. ಜೂಮ್ ಮಾಡುತ್ತಾ ಹೋದಂತೆ ಹೆಚ್ಚಿನ ಲೆನ್ಸುಗಳು ಒಳಗೆ ಬಿಡುವ ಬೆಳಕು ಕಡಿಮೆಯಾಗುತ್ತದೆ. ಸೋನಿಯ ಸಿಎಕ್ಸ್405 ಹ್ಯಾಂಡಿಕ್ಯಾಮ್ ನೋಡಿ. 30 ಎಕ್ಸ್ ಆಪ್ಟಿಕಲ್ ಜೂಮ್ (ಲೆನ್ಸೇ ಸರಿದು ಮಾಡುವ ಜೂಮ್), ಸುಮಾರು 800 ಎಂಎಂವರೆಗೆ. ಅದರ ಲೆನ್ಸಿನ ಮೇಲೆ 1.8ರಿಂದ 4 ಎಂದು ಅಪರ್ಚರ್ ಅಂಕಿ, ಅಂದರೆ ಬೆಳಕು ಒಳಗೆ ಬರುವ ಕಿಂಡಿಯ ಅಂಕಿ ಇದೆ. ಪೂರ್ತಿ ಜೂಮ್ ಮಾಡಿದಾಗ ಶುರುವಿನಲ್ಲಿ ಬರುತ್ತಿದ್ದ ಬೆಳಕಿನ ಐದರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ರಾತ್ರಿ ಹೊತ್ತು ಚಿತ್ರ ಕಾಳುಕಾಳಾಗುವುದು ಇದಕ್ಕೇ. ಪಿ900ರಲ್ಲಿ ಕೊನೆಯ ಅಂಕಿ 6.5. ಈ ಅಂಕಿ ದೊಡ್ಡದಾದಷ್ಟೂ ಕತ್ತಲೆ.

ಪ್ಯಾನಸೋನಿಕ್ ಎಫ್‌ಝಡ್300 ಇಲ್ಲಿ ಬೇರೆ ಥರ. 25ರಿಂದ 600 ಎಂಎಂವರೆಗೂ ಅದರ ಅಪರ್ಚರ್ 2.8ರಲ್ಲೇ ನಿಲ್ಲುತ್ತದೆ. ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಕೂಡ ಸಿಎಕ್ಸ್405ಕ್ಕಿಂತ ಹಲವು ಪಟ್ಟು ದೊಡ್ಡದು. ಹೊರಗಿನ ಮೈಕ್ ಹಾಕಲು ಜಾಗ ಇದೆ. 2015ರ ಮಾದರಿ, ಆದ್ದರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ. ನನ್ನನ್ನು ಕೇಳಿದರೆ ನಿಮ್ಮ ಕೆಲಸಕ್ಕೆ ಇದೇ ಸರಿ.

ಆದರೆ ಒಂದು ತೊಡಕಿದೆ. ಫೋಟೊಗೆಂದು ಮಾಡಿದ ಇಂಥ ಹಲವು ಕ್ಯಾಮೆರಾಗಳಲ್ಲಿ ರೆಕಾರ್ಡಿಂಗ್ 29 ನಿಮಿಷ 59 ಸೆಕೆಂಡಿಗೆ ತಾನಾಗಿಯೇ ನಿಲ್ಲುತ್ತದೆ. ಮತ್ತೆ ಗುಂಡಿ ಒತ್ತಬೇಕು. ತಮ್ಮನ ಪ್ರವೇಶ ಮಾತ್ರ ಹಿಡಿಯುವುದಾದರೆ ತೊಂದರೆ ಇಲ್ಲ. ಬೆಳಗಿನವರೆಗೆ ಇಡೀ ಪ್ರಸಂಗ ಬೇಕು ಅಂದರೆ ಹ್ಯಾಂಡಿಕ್ಯಾಮೇ ಗತಿ. ಜೂಮ್ ಗುಂಡಿಯನ್ನು ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಹೋಗುವ ಸುಖವೂ ಅದರಲ್ಲಿದೆ. ಸಿಎಕ್ಸ್405ಕ್ಕೆ 3.5 ಎಂಎಂ ಮೈಕ್ ಜ್ಯಾಕ್ ಇಲ್ಲ. ಭಾಗವತರ ಪದ ಚೆನ್ನಾಗಿ ಬರಬೇಕಾದರೆ ಇನ್ನೊಂದು ಫೋನನ್ನು ರಂಗಸ್ಥಳದ ಹತ್ತಿರ ಇಟ್ಟು ರೆಕಾರ್ಡ್ ಮಾಡಿ, ಆಮೇಲೆ ಸೇರಿಸಬಹುದು.

ಆನ್‌ಲೈನಿನಲ್ಲಿ ಕಣ್ಣಿಗೆ ಬೀಳುವ, ಹೆಸರೇ ಕೇಳದ ಕಂಪನಿಗಳ ‘4ಕೆ, 48 ಮೆಗಾಪಿಕ್ಸೆಲ್, 16 ಎಕ್ಸ್’ ಕ್ಯಾಮೆರಾಗಳ ಕಡೆ ಹೋಗಲೇಬೇಡಿ. ಅವುಗಳಲ್ಲಿ ಹೆಚ್ಚಿನವು ಡಿಜಿಟಲ್ ಜೂಮ್ ಮಾತ್ರ. ಲೆನ್ಸ್ ಅಲ್ಲಾಡುವುದೇ ಇಲ್ಲ, ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತವೆ. 1920×1080ರ ಚಿತ್ರವನ್ನು ಹೀಗೆ ನಾಲ್ಕು ಪಟ್ಟು ಹಿಗ್ಗಿಸಿದರೆ ನಿಜವಾಗಿ ಉಳಿಯುವುದು 480×270 ಚುಕ್ಕಿ. ನಿಮ್ಮ ಫೋನಿನಲ್ಲಿ ಆಗುತ್ತಿರುವುದೂ ಬಹುತೇಕ ಇದೇ ಅಲ್ವಾ? ‘ಆಪ್ಟಿಕಲ್’ ಎಂಬ ಪದ ಕಾಣದಿದ್ದರೆ ಸುಮ್ನೆ ಮುಂದೆ ಹೋಗಿ.

ಟ್ರೈಪಾಡಿಗೆ ಸ್ವಲ್ಪ ದುಡ್ಡು ಎತ್ತಿಡಿ. 600 ಎಂಎಂನಲ್ಲಿ ಕೈಯಲ್ಲಿ ಹಿಡಿದರೆ ನಿಮ್ಮ ಉಸಿರೂ ವಿಡಿಯೊದಲ್ಲಿ ಕಾಣುತ್ತದೆ. ಅಗ್ಗದ ಫೋಟೊ ಟ್ರೈಪಾಡುಗಳು ತಿರುಗಿಸುವಾಗ ಜರ್ಕ್ ಹೊಡೆಯುತ್ತವೆ. ನಯವಾಗಿ ತಿರುಗುವ ವಿಡಿಯೊ ಹೆಡ್ ಇರುವುದನ್ನೇ ಕೇಳಿ. ಇನ್ನು ದೀಪಗಳು ವಿಡಿಯೊದಲ್ಲಿ ಮಿನುಗಿದಂತೆ ಕಂಡರೆ ಶಟರನ್ನು (ಒಂದೊಂದು ಚಿತ್ರಕ್ಕೆ ಬೆಳಕು ಬಿಡುವ ಸಮಯ) 1/50 ಸೆಕೆಂಡಿಗೆ ಇಟ್ಟು ನೋಡಿ. ನಮ್ಮ ಕರೆಂಟು 50 ಹರ್ಟ್ಸಿನದು.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಕರಾವಳಿಯವರು ಫಂಗಸ್ ನೋಡಲೇಬೇಕು. ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಬೂಸ್ಟು ಹಿಡಿಯುತ್ತದೆ. ಟಾರ್ಚ್ ಬಿಟ್ಟು ಓರೆಯಾಗಿ ನೋಡಿ, ಬೆಳ್ಳಗಿನ ಎಳೆಗಳು ಕಂಡರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಆಮೇಲೆ ಪೂರ್ತಿ ಜೂಮ್ ಮಾಡಿ, ರಸ್ತೆಯಾಚೆಯ ಬೋರ್ಡೊಂದನ್ನು ಒಂದು ನಿಮಿಷ ರೆಕಾರ್ಡ್ ಮಾಡಿ. ಅಂಗಡಿಯ ಪರದೆ ಚಿಕ್ಕದು, ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಅಕ್ಷರಗಳ ಅಂಚು ನೋಡಿದ ಮೇಲೆಯೇ ದುಡ್ಡು ಕೊಡಿ.