ನಾರು ಹೊಟ್ಟೆಯಲ್ಲಿ, ಲಾಭ ಹೃದಯಕ್ಕೆ: ಇಡೀ ಧಾನ್ಯದ ಪಾಠ

"ಇಡೀ ಧಾನ್ಯದಲ್ಲಿ ನಾರಿನಂಶ ಇದೆ, ಅದಕ್ಕೇ ಹೃದಯಕ್ಕೆ ಒಳ್ಳೆಯದು." ಪರೀಕ್ಷೆಯಲ್ಲಿ ನಾವೆಲ್ಲ ಹೀಗೆ ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ಆದರೆ ನಾರು ಜೀರ್ಣವಾಗಿ ರಕ್ತಕ್ಕೆ ಸೇರುವುದೇ ಇಲ್ಲ, ಅಲ್ವಾ? ಕರುಳಿನಲ್ಲೇ ಇದ್ದು ಹೊರಗೆ ಹೋಗುವ ವಸ್ತು ರಕ್ತನಾಳಕ್ಕೆ ಹೇಗೆ ನೆರವಾಗುತ್ತದೆ? ಈ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅದೇ.

ಮೊದಲು ಕಾಳಿನ ಒಳಗೆ ನೋಡೋಣ. ಹೊರಗೆ ತೌಡಿನ ಪದರ, ಒಂದು ತುದಿಯಲ್ಲಿ ಮೊಳಕೆಯ ಭಾಗ, ಉಳಿದದ್ದೆಲ್ಲ ಹಿಟ್ಟು. ಈ ಮೂರೂ ಉಳಿದರೆ ಅದು ಇಡೀ ಧಾನ್ಯ. ಬೀಸಿದರೂ ಪರವಾಗಿಲ್ಲ, ಯಾವ ಭಾಗವನ್ನೂ ತೆಗೆಯಬಾರದು ಅಷ್ಟೇ. ಅಕ್ಕಿಯನ್ನು ಪಾಲಿಶ್ ಮಾಡಿದಾಗ ಮೊದಲ ಎರಡು ಹೋಗುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಲ್ಲಿ 100 ಗ್ರಾಂ ಗೋಧಿ ಹಿಟ್ಟಿಗೆ ಸುಮಾರು 11.4 ಗ್ರಾಂ ನಾರು ಇದ್ದರೆ, ಮೈದಾಕ್ಕೆ ಬರೀ 2.8. ಎರಡೂ ಗೋಧಿಯೇ! ರಾಗಿಗೆ 11.2, ಜೋಳಕ್ಕೆ 10.2, ಬಿಳಿ ಅಕ್ಕಿಗೆ 2.8.

ಈಗ ಮುಖ್ಯ ವಿಷಯ. ನಮ್ಮ ಲಿವರ್ ಕೊಲೆಸ್ಟ್ರಾಲ್ ಬಳಸಿ ಪಿತ್ತದ ಆಮ್ಲಗಳನ್ನು ತಯಾರಿಸುತ್ತದೆ. ಊಟದಲ್ಲಿರುವ ಜಿಡ್ಡನ್ನು ಕರಗಿಸಲು ಅವು ಬೇಕು. ಕೆಲಸ ಮುಗಿದ ಮೇಲೆ ಅವನ್ನು ದೇಹ ಸುಮ್ನೆ ಬಿಡುವುದಿಲ್ಲ. ಸಣ್ಣ ಕರುಳಿನ ಕೊನೆಯಲ್ಲಿ ಶೇ. 95ರಷ್ಟನ್ನು ಮತ್ತೆ ಹೀರಿಕೊಂಡು ಲಿವರ್‌ಗೆ ವಾಪಸ್ ಕಳಿಸುತ್ತದೆ. ಓಟ್ಸ್ ಗಂಜಿ ಕಾಯಿಸಿದಾಗ ಬರುವ ಲೋಳೆಯನ್ನು ನೆನಪಿಸಿಕೊಳ್ಳಿ. ಅದು ಬೀಟಾ ಗ್ಲೂಕಾನ್ ಎಂಬ ಕರಗುವ ನಾರು. ಕರುಳಿನಲ್ಲೂ ಅದು ಹಾಗೇ ಲೋಳೆಯಾಗುತ್ತದೆ. ಪಿತ್ತದ ಆಮ್ಲಗಳು ಅದರಲ್ಲಿ ಸಿಕ್ಕಿಕೊಂಡು ಮಲದ ಜೊತೆ ಹೊರಗೆ ಹೋಗುತ್ತವೆ. ವಾಪಸ್ ಬರಬೇಕಾದದ್ದು ಬರಲಿಲ್ಲ. ಲಿವರ್ ಈಗ ಹೊಸದಾಗಿ ಮಾಡಲೇಬೇಕು. ಅದಕ್ಕೆ ಬೇಕಾದ ಕೊಲೆಸ್ಟ್ರಾಲನ್ನು ಎಲ್‌ಡಿಎಲ್‌ನಿಂದ, ಅಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಸಾಗುವ ಕಣಗಳಿಂದ, ಎಳೆದುಕೊಳ್ಳುತ್ತದೆ. ರಕ್ತನಾಳದ ಗೋಡೆಗೆ ಸೇರಿಕೊಂಡು ಅಡ್ಡಿ ಮಾಡುವುದು ಇದೇ ಎಲ್‌ಡಿಎಲ್. ಹೀಗೆ ನಾರು ರಕ್ತವನ್ನು ಮುಟ್ಟದೆಯೇ ರಕ್ತದ ಕೊಲೆಸ್ಟ್ರಾಲನ್ನು ಇಳಿಸುತ್ತದೆ.

ಎಷ್ಟು ಬೇಕು? ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಓಟ್ಸ್ ಪೊಟ್ಟಣದ ಮೇಲೆ ಹೃದಯಕ್ಕೆ ಒಳ್ಳೆಯದು ಎಂಬ ಮಾತು ಬರೆಯಲು ಒಪ್ಪಿಗೆ ಕೊಟ್ಟಾಗ ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ಎಂಬ ಲೆಕ್ಕ ಇಟ್ಟಿತು. ಓಟ್ಸ್‌ನಲ್ಲಿ ಅದು ಶೇ. 4ರ ಆಸುಪಾಸು. ಅಂದರೆ ಒಣ ಓಟ್ಸ್ 75 ಗ್ರಾಂ. ದಿನಾ ಇಷ್ಟು ತಿಂದರೆ ಎಲ್‌ಡಿಎಲ್ ಪ್ರತಿ 100 ಮಿಲಿಲೀಟರ್ ರಕ್ತಕ್ಕೆ ಸುಮಾರು 10 ಮಿಲಿಗ್ರಾಂ ಇಳಿಯುತ್ತದೆ. ಒಳ್ಳೆಯದೇ, ಆದರೆ ಕೊಲೆಸ್ಟ್ರಾಲ್ ಇಳಿಸಲು ವೈದ್ಯರು ಕೊಟ್ಟ ಸ್ಟ್ಯಾಟಿನ್ ಮಾತ್ರೆಯ ಜಾಗಕ್ಕೆ ಓಟ್ಸ್ ಬರಲಾರದು. ಮನೆಯಲ್ಲಿ ಹಿರಿಯರಿಗೆ ಇದನ್ನು ದಯವಿಟ್ಟು ಬಿಡಿಸಿ ಹೇಳಿ.

ಇಲ್ಲಿ ನಾವು ಜಾಸ್ತಿ ಎಡವುವ ಜಾಗ ಒಂದಿದೆ. ಬಾರ್ಲಿಯಲ್ಲಿ ಬೀಟಾ ಗ್ಲೂಕಾನ್ ಒಳಗಿನ ಹಿಟ್ಟಿನ ತುಂಬಾ ಹರಡಿರುತ್ತದೆ. ಹಾಗಾಗಿ ಅಂಗಡಿಯ ಬಿಳಿ ಬಾರ್ಲಿ ಇಡೀ ಧಾನ್ಯ ಅಲ್ಲದಿದ್ದರೂ ಕೊಲೆಸ್ಟ್ರಾಲ್ ಇಳಿಸುತ್ತದೆ. ಗೋಧಿ ತೌಡಿನ ಕಥೆ ತಿರುಗುಮುರುಗು. ನಾರು ಬೇಕಾದಷ್ಟಿದೆ, ಆದರೆ ಹೆಚ್ಚಿನದು ಕರಗದ ನಾರು. ಮಲಬದ್ಧತೆಗೆ ಒಳ್ಳೆಯದು, ಎಲ್‌ಡಿಎಲ್ ಇಳಿಸುವುದು ಕಡಿಮೆ. ರಾಗಿಯ ನಾರೂ ಬಹುಪಾಲು ಕರಗದ ಬಗೆಯದೇ. ಓಟ್ಸ್‌ನ ಲೋಳೆಯ ಕಥೆಯನ್ನು ರಾಗಿಗೆ ಅಂಟಿಸಿ ಉತ್ತರ ಬರೆಯಬೇಡಿ.

ಹಾಗಾದರೆ ರಾಗಿ, ಜೋಳಕ್ಕೆ ಪಾತ್ರವೇ ಇಲ್ಲವಾ? ಇದೆ. ಅದು ಕಾಣುವುದು ಜನಸಮೂಹದ ಅಧ್ಯಯನಗಳನ್ನು ಓದಿದಾಗ. 2016ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ, ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ಮಾಡಿದ ವಿಶ್ಲೇಷಣೆಯಲ್ಲಿ, ದಿನಕ್ಕೆ 90 ಗ್ರಾಂ ಇಡೀ ಧಾನ್ಯದ ಆಹಾರ ಜಾಸ್ತಿ ತಿನ್ನುವವರಲ್ಲಿ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಶೇ. 19ರಷ್ಟು ಕಡಿಮೆ ಕಂಡಿತು. ಆದರೆ ಅಲ್ಲಿನ ಹೆಚ್ಚಿನ ಮಾಹಿತಿ ಅಮೆರಿಕ, ಯುರೋಪಿನದು. 2021ರಲ್ಲಿ ಅದೇ ಪತ್ರಿಕೆಯಲ್ಲಿ 21 ದೇಶಗಳ ಜನರನ್ನು ಗಮನಿಸಿದ ಪ್ಯೂರ್ ಎಂಬ ಅಧ್ಯಯನ ಬಂತು. ಅದರ ಮೊದಲ ಲೇಖಕಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಸುಮತಿ ಸ್ವಾಮಿನಾಥನ್. ಅದರಲ್ಲಿ ಇಡೀ ಧಾನ್ಯದಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಬಿಳಿ ಅನ್ನದಿಂದ ಸ್ಪಷ್ಟ ಹಾನಿಯೂ ಕಾಣಲಿಲ್ಲ. ಆದರೆ ಮೈದಾದಂಥ ಸಂಸ್ಕರಿಸಿದ ಧಾನ್ಯವನ್ನು ದಿನಕ್ಕೆ 350 ಗ್ರಾಂಗಿಂತ ಹೆಚ್ಚು ತಿನ್ನುವವರಲ್ಲಿ, 50 ಗ್ರಾಂಗಿಂತ ಕಡಿಮೆ ತಿನ್ನುವವರಿಗಿಂತ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆಗಳು ಶೇ. 33ರಷ್ಟು ಜಾಸ್ತಿ ಇದ್ದವು.

ಎರಡನ್ನೂ ಜೊತೆಗಿಟ್ಟು ಓದಿದರೆ ನನಗೆ ಅನಿಸುವುದು ಇಷ್ಟು: ತಟ್ಟೆಗೆ ಏನು ಬಂತು ಎನ್ನುವಷ್ಟೇ ಮುಖ್ಯ, ತಟ್ಟೆಯಿಂದ ಏನು ಹೋಯಿತು ಎನ್ನುವುದು. ಪರೋಟ, ಬನ್ನಿನ ಜಾಗಕ್ಕೆ ಜೋಳದ ರೊಟ್ಟಿ ಬಂದರೆ ಅರ್ಥವಿದೆ. ಅವನ್ನೂ ತಿಂದು ಮೇಲೊಂದು ಮುದ್ದೆ ಉಂಡರೆ ಬರೀ ಹಿಟ್ಟು ಜಾಸ್ತಿಯಾಯಿತು.

ಕೊನೆಗೆ ಕೊಳ್ಳುವಾಗಿನ ಒಂದು ಸಂಗತಿ. ಪೊಟ್ಟಣದ ಹಿಂದಿನ ಪಟ್ಟಿಯಲ್ಲಿ ಪದಾರ್ಥಗಳು ತೂಕದ ಇಳಿಕೆ ಕ್ರಮದಲ್ಲಿರುತ್ತವೆ. ಮುಂದೆ "ಮಲ್ಟಿಗ್ರೇನ್" ಎಂದಿದ್ದು, ಹಿಂದಿನ ಮೊದಲ ಹೆಸರು ಸಂಸ್ಕರಿಸಿದ ಗೋಧಿ ಹಿಟ್ಟು ಎಂದಿದ್ದರೆ ಅದು ಮೈದಾ. ಬ್ರೆಡ್ಡಿನ ಕಂದು ಬಣ್ಣವನ್ನೂ ನಂಬಬೇಡಿ, ಅದು ಕ್ಯಾರಮೆಲ್‌ನಿಂದಲೂ ಬರುತ್ತದೆ.